ಅಪ್‌ಡೇಟ್: ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ ನೋಂದಣಿಯಾಯಿತು

ನಮ್ಮೂರಿನ ಸರ್ಕಾರಿ ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಗಳಿಂದ ದೇಣಿಗೆ ಕೂಡಿಸಲು ವಾಟ್ಸ್‌ಆ್ಯಪ್ ಗುಂಪೇ ಸಾಕೇ, ಸಂಘ ನೋಂದಾಯಿಸಬೇಕೇ ಎಂದು ಕೇಳಿದ್ದೆ. ನೋಂದಾಯಿಸಿ ಎಂದವರಿಗೆಲ್ಲ ಧನ್ಯವಾದ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸಾಕು. ಅಧ್ಯಕ್ಷರಾಗಲು ತಯಾರಿದ್ದವರೇ ನಮ್ಮಲ್ಲಿ ಅದಕ್ಕಿಂತ ಹೆಚ್ಚಿದ್ದರು!

ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದು, ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರ ಸಹಿಯೂ ಬೇಕೆಂದು ಮಾಡಿದ ಮೇಲೆ ಜನ ಧೈರ್ಯವಾಗಿ ಕೊಡತೊಡಗಿದರು. ತೆರಿಗೆ ವಿನಾಯಿತಿಗೆ ಅರ್ಜಿ ಹಾಕಿದ್ದೇವೆ. ಎರಡು ಸಾವಿರ ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿ ಇಲ್ಲವಾದ್ದರಿಂದ ಎಲ್ಲವೂ ಖಾತೆಯ ಮೂಲಕವೇ. ವಿದೇಶದ ಗೆಳೆಯರ ವಿಷಯ ಸ್ವಲ್ಪ ಸೂಕ್ಷ್ಮ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಕೊಡಬಹುದು. ಅಮೆರಿಕದ ಪೌರತ್ವ ಪಡೆದವರ ಹಣ 2010ರ ವಿದೇಶಿ ದೇಣಿಗೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆ ಕಾಯ್ದೆಯಡಿ ಬೇಕಾದ ನೋಂದಣಿ ನಮಗಿಲ್ಲ, ಆದ್ದರಿಂದ ಅವರಿಗೆ ಸದ್ಯಕ್ಕೆ ಕೈಮುಗಿದೆವು.

ಮೊದಲ ಖರ್ಚಿಗೆ ಸ್ಮಾರ್ಟ್ ಬೋರ್ಡ್ ಎಂಬ ಕೂಗು ಜೋರಾಗಿತ್ತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ತಾಯಿ ಎದ್ದು, ಹುಡುಗಿಯರ ಶೌಚಾಲಯದ ಟ್ಯಾಂಕಿಗೆ ಪೈಪೇ ಇಲ್ಲ ಎಂದರು. ಹತ್ತಿ ನೋಡಿದರೆ ಒಳಗೆ ಒಣಗಿದ ಎಲೆ, ಪಾರಿವಾಳದ ಗೂಡು. ಪ್ಲಂಬರ್ ಆಗಿರುವ ನಮ್ಮ ಸಹಪಾಠಿ ಕೂಲಿ ಪಡೆಯದೆ ಪೈಪ್ ಎಳೆದುಕೊಟ್ಟ. ಬೋರ್ಡಿನ ಚರ್ಚೆ ಗುಂಪಿನಲ್ಲಿ ಇನ್ನೂ ನಡೆದಿದೆ.