ಅಮ್ಮನ ಜೊತೆ ಮಾಲಗಾದಲ್ಲಿ ಐದು ದಿನ: 450 ಯೂರೋ ಸಾಕಾ?

ತುಂಬೆಹೂ:
ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಯಲ್ಲಿ ಓದುತ್ತಿದ್ದೇನೆ. ಫೆಬ್ರವರಿಯಲ್ಲಿ ಅಮ್ಮ ಬರುತ್ತಿದ್ದಾರೆ. ಇಲ್ಲಿನ ಚಳಿಗೆ ಅವರು ಹೊರಗೇ ಬರುವುದಿಲ್ಲ ಅನ್ನುವ ಭಯಕ್ಕೆ ಸ್ಪೇನಿನ ಮಾಲಗಾಕ್ಕೆ ಟಿಕೆಟ್ ಮಾಡಿದ್ದೇನೆ. ಶುಕ್ರವಾರ ಬೆಳಿಗ್ಗೆ ಇಳಿದು ಮಂಗಳವಾರ ರಾತ್ರಿ ವಾಪಸ್. ವಿಮಾನದ ಖರ್ಚು ಬಿಟ್ಟು ಇಬ್ಬರಿಗೂ ಸೇರಿ ಕೈಯಲ್ಲಿರುವುದು 450 ಯೂರೋ. ಅಮ್ಮ ಮೊಟ್ಟೆ ತಿನ್ನುತ್ತಾರೆ, ಮೀನು ಮಾಂಸ ಮುಟ್ಟುವುದಿಲ್ಲ. ಮಂಡಿ ನೋವು ಬೇರೆ ಇದೆ. ಆಗುತ್ತಾ, ಅಥವಾ ಸುಮ್ನೆ ಸಾಹಸಾನಾ?

ಹಳೇಸೈಕಲ್:
ಆಗುತ್ತದೆ. ನಾನು ಆ ಊರಿನಲ್ಲಿ ಎರಡು ವರ್ಷ ಕೆಲಸಕ್ಕಿದ್ದೆ, ನನ್ನ ಅಮ್ಮನೂ ಬಂದು ಹೋದರು.

ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಬೇಡ. ಸಿ1 ಅಂತ ಲೋಕಲ್ ರೈಲಿದೆ, ಹನ್ನೆರಡು ನಿಮಿಷಕ್ಕೆ ಊರ ಮಧ್ಯೆ ಇಳಿಸುತ್ತದೆ. ಟಿಕೆಟ್ 2 ಯೂರೋ ಹತ್ತಿರ. ಬೋರ್ಡಿನಲ್ಲಿ 'ಸೆಂತ್ರೋ ಅಲಮೇದಾ' ಅಂತಿದ್ದರೆ ಮಾತ್ರ ಹತ್ತಿ. ನಾನು ಮೊದಲ ದಿನ ಫುಎಂಗಿರೋಲಾ ಕಡೆಯ ರೈಲು ಹತ್ತಿ, ಎರಡು ಸೂಟ್‌ಕೇಸ್ ಸಮೇತ ಟೊರ್ರೆಮೊಲಿನೋಸ್‌ನಲ್ಲಿ ಇಳಿದು ಪೆಚ್ಚಾಗಿ ನಿಂತಿದ್ದೆ.

ರೂಮು ಹುಡುಕುವಾಗ 'ಓಸ್ತಾಲ್' ನೋಡಿ. ಅದು ಎಂಟು ಜನ ಒಟ್ಟಿಗೆ ಮಲಗುವ ಹಾಸ್ಟೆಲ್ ಅಲ್ಲ, ಮನೆಯವರೇ ನಡೆಸುವ ಚಿಕ್ಕ ಲಾಡ್ಜ್. ಅಮ್ಮ ಬಂದಾಗ ನಾನು ಕೊಟ್ಟದ್ದು ರಾತ್ರಿಗೆ 48 ಯೂರೋ, ಅದೂ ಫೆಬ್ರವರಿಯೇ. ಈಸ್ಟರ್ ವಾರದಲ್ಲಿ, ಆಗಸ್ಟ್ ಜಾತ್ರೆಯಲ್ಲಿ ಈ ಲೆಕ್ಕ ಮರೆತುಬಿಡಿ. ಲಿಫ್ಟ್ ಇದೆಯಾ ಅಂತ ಕೇಳದೆ ಮಾತ್ರ ಬುಕ್ ಮಾಡಬೇಡಿ. ನಾನು ಕೇಳಿರಲಿಲ್ಲ, ಅಮ್ಮ ಮೂರನೇ ಮಹಡಿಗೆ ಹತ್ತುವಾಗೆಲ್ಲ ನನ್ನ ಹೆಸರು ಹಿಡಿದು ಬೈದರು.

ನಿಮ್ಮ ದಿನಗಳಲ್ಲಿ ಭಾನುವಾರ ಸಿಕ್ಕಿದೆ ನೋಡಿ, ಅದೇ ಅದೃಷ್ಟ. ಅಲ್ಕಸಾಬಾ ಕೋಟೆಗೆ ಭಾನುವಾರ ಮಧ್ಯಾಹ್ನ 2ರ ಮೇಲೆ ದುಡ್ಡಿಲ್ಲ. ಪಿಕಾಸೋ ಮ್ಯೂಸಿಯಂ ಮುಚ್ಚುವ ಮುಂಚಿನ ಎರಡು ಗಂಟೆಯೂ ಫ್ರೀ. ಪಿಕಾಸೋ ಹುಟ್ಟಿದ್ದು ಇದೇ ಊರಿನಲ್ಲಿ, 1881ರಲ್ಲಿ. ಕೋಟೆಯಿಂದ ಮ್ಯೂಸಿಯಂಗೆ ಐದು ನಿಮಿಷದ ನಡಿಗೆ. ಮೊದಲು ಕೋಟೆ, ಆಮೇಲೆ ಮ್ಯೂಸಿಯಂ. ಕೋಟೆಗೆ ಮುಂದಿನ ಬಾಗಿಲಿಂದ ಹೋದರೆ ಏರು ಜಾಸ್ತಿ, ಕಾಲಡಿ ಜಾರುವ ಕಲ್ಲು. ನಗರಸಭೆ ಕಟ್ಟಡದ ಹಿಂದೆ, ಗಿಯೆನ್ ಸೊತೇಲೋ ಬೀದಿಯಲ್ಲಿ ಲಿಫ್ಟ್ ಇದೆ. ಮೇಲಿನ ಹಿಬ್ರಲ್ಫಾರೋ ಕೋಟೆಗೆ 35ನೇ ನಂಬರ್ ಬಸ್ಸು ಹೋಗುತ್ತದೆ. ಕೆಳಗಿನ ರೋಮನ್ ರಂಗಮಂದಿರವನ್ನು ಬೀದಿಯಲ್ಲೇ ನಿಂತು ನೋಡಬಹುದು. 1951ರವರೆಗೆ ಅದು ಮಣ್ಣೊಳಗೇ ಇತ್ತು.

ಊಟದ ಮಾತು. ಸೋಮವಾರದಿಂದ ಶುಕ್ರವಾರ ಮಧ್ಯಾಹ್ನ 'ಮೆನು ದೆಲ್ ದಿಯಾ' ಇರುತ್ತದೆ. ಎರಡು ಐಟಂ, ಬ್ರೆಡ್ಡು, ಕುಡಿಯಲು ಒಂದು, ಕೊನೆಗೆ ಸಿಹಿ ಅಥವಾ ಕಾಫಿ, ಎಲ್ಲ ಸೇರಿ 12-15 ಯೂರೋ. ತುಂಬ ಬೇಗ ಹೋದರೆ ಅಡುಗೆಮನೆ ತೆರೆದಿರುವುದಿಲ್ಲ. ಅಮ್ಮನಿಗೆ ಬದನೆಕಾಯಿ ಕರಿದು ಮೇಲೆ ಕಬ್ಬಿನ ಪಾಕ ಸುರಿದು ಕೊಡುತ್ತಾರೆ, ಥೇಟ್ ನಮ್ಮ ಜೋನಿಬೆಲ್ಲ. ನನ್ನ ಅಮ್ಮ ತಟ್ಟೆಯನ್ನು ಬ್ರೆಡ್ಡಿನಲ್ಲಿ ಒರೆಸಿ ತಿಂದರು. ಬಾದಾಮಿ, ಬೆಳ್ಳುಳ್ಳಿ ರುಬ್ಬಿದ ತಣ್ಣನೆ ಸೂಪು 'ಅಹೋಬ್ಲಾಂಕೋ' ಕೂಡ ಒಳ್ಳೆಯದು, ಮೇಲೆ ದ್ರಾಕ್ಷಿ ಹಾಕಿರುತ್ತಾರೆ. 'ಸಾಲ್ಮೊರೇಹೋ' ಅನ್ನುವ ತಣ್ಣನೆ ಟೊಮೆಟೊ ಸೂಪಿನ ಮೇಲೆ ಮಾತ್ರ ಹಂದಿಮಾಂಸದ ಚೂರು ಉದುರಿಸುತ್ತಾರೆ, 'ಸಿನ್ ಹಮೋನ್' ಅಂತ ಮೊದಲೇ ಹೇಳಿ.

ಒಂದು ಹೋಟೆಲಿನಲ್ಲಿ ಕೇಳದೇ ಆಲಿವ್, ಬ್ರೆಡ್ಡು ತಂದಿಟ್ಟರು. ಫ್ರೀ ಅಂದುಕೊಂಡು ತಿಂದೆವು. ಬಿಲ್ಲಿನಲ್ಲಿ 4 ಯೂರೋ ಕೂತಿತ್ತು. ಬೇಡವಾದರೆ ವಾಪಸ್ ಕಳಿಸಿ.

ಉಪ್ಪಿನಗಾಳಿ:
ಬದನೆಕಾಯಿಗೆ ಒಂದು ತಕರಾರು. ಎಷ್ಟೋ ಕಡೆ ಮೀನು ಕರಿದ ಎಣ್ಣೆಯಲ್ಲೇ ಅದನ್ನೂ ಕರಿಯುತ್ತಾರೆ. ಅಮ್ಮ ಕಟ್ಟುನಿಟ್ಟಾದರೆ ಕೇಳಿಯೇ ತೆಗೆದುಕೊಳ್ಳಿ. 'ವೆಜಿಟೇರಿಯನ್' ಅಂದರೆ ಸಲಾಡಿಗೆ ಟ್ಯೂನಾ ಹಾಕಿ ಕೊಟ್ಟದ್ದೂ ಉಂಟು, ನಮಗೇ ಆಗಿದೆ. 'ಸಿನ್ ಕಾರ್ನೆ, ಸಿನ್ ಪೆಸ್ಕಾದೋ', ಅಂದರೆ ಮಾಂಸ ಬೇಡ, ಮೀನು ಬೇಡ, ಅಂತ ಬಿಡಿಸಿ ಹೇಳಬೇಕು.

ರಾತ್ರಿ ಊಟಕ್ಕೆ ಅತಾರಸಾನಾಸ್ ಮಾರ್ಕೆಟ್ಟಿನಲ್ಲಿ ಟೊಮೆಟೊ, ಚೀಸು, ಕಿತ್ತಳೆ ತಂದಿಟ್ಟುಕೊಳ್ಳಿ. ಭಾನುವಾರ ರಜೆ, ಉಳಿದ ದಿನ ಮಧ್ಯಾಹ್ನ ಮೂರರೊಳಗೆ ಬಾಗಿಲು ಹಾಕುತ್ತಾರೆ. ಹಿಂದೆ ಅದು ಹಡಗು ಕಟ್ಟುವ ಜಾಗವಂತೆ, ಸಮುದ್ರ ಅಲ್ಲಿಯವರೆಗೂ ಇತ್ತು. ಆ ಕಾಲದ ಕಲ್ಲಿನ ಕಮಾನು ಇನ್ನೂ ನಿಂತಿದೆ.

ತುಂಬೆಹೂ:
ಇಬ್ಬರಿಗೂ ಥ್ಯಾಂಕ್ಸ್. ಎಣ್ಣೆ ವಿಷಯ ಅಮ್ಮನಿಗೆ ಹೇಳಿದೆ, 'ಹಾಗಾದರೆ ಅದು ಬೇಡ' ಅಂದರು. ನಾಲ್ಕು ರಾತ್ರಿಗೆ 192 ಹೋದರೆ ದಿನಕ್ಕೆ ಐವತ್ತರ ಮೇಲೆ ಉಳಿಯುತ್ತದೆ. ಇನ್ನೊಂದೇ ಪ್ರಶ್ನೆ. ಅಮ್ಮನಿಗೆ ಬೆಳಿಗ್ಗೆ ಕಾಫಿ ಆಗದಿದ್ದರೆ ದಿನ ಶುರುವಾಗುವುದೇ ಇಲ್ಲ!

ಹಳೇಸೈಕಲ್:
ಮಾಲಗಾದಲ್ಲಿ ಸುಮ್ನೆ 'ಕಾಫಿ' ಅಂದರೆ ಆಗಲ್ಲ, ಹಾಲು ಎಷ್ಟು ಅನ್ನುವುದಕ್ಕೆ ಒಂದೊಂದು ಹೆಸರು. 'ನುಬೆ' ಅಂದರೆ ಮೋಡ, ಲೋಟದ ತುಂಬ ಹಾಲು, ಕಾಫಿ ಹೆಸರಿಗಷ್ಟೇ. 'ಸೋಂಬ್ರಾ' ಅಂದರೆ ನೆರಳು, ಅದಕ್ಕಿಂತ ಸ್ವಲ್ಪ ಗಟ್ಟಿ. 'ಮಿತಾದ್' ಅಂದರೆ ಅರ್ಧಕ್ಕರ್ಧ. ಅಮ್ಮನಿಗೆ ಮಿತಾದ್ ಹೇಳಿ. ಕೌಂಟರಿನ ಹತ್ತಿರವೇ ನಿಂತು ಕುಡಿಯಿರಿ, ಹೊರಗಿನ ಮೇಜಿಗೆ ಕೆಲವು ಕಡೆ ರೇಟು ಬೇರೆ.