ಹಳೇ ಗೇಮಿಂಗ್ ಪಿಸಿಗೆ ಮತ್ತೆ ದುಡ್ಡು ಹಾಕುವುದಾ, ಕಾಯುವುದಾ?

ಪ್ರಶ್ನೆ, ಬದಿಯಡ್ಕದಿಂದ:
ನನ್ನದು 2017ರಲ್ಲಿ ಕಟ್ಟಿಸಿದ ಪಿಸಿ. ಇಂಟೆಲ್ ಐ5-7400 ಪ್ರೊಸೆಸರ್ (7ನೇ ಜನರೇಷನ್), 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್. ವ್ಯಾಲರಂಟ್ ಆಡುವಾಗ ನಡುನಡುವೆ ತಡೆದು ತಡೆದು ಓಡುತ್ತದೆ. ಅಡಿಕೆ ಕೊಟ್ಟ ಮೇಲೆ 25,000 ರೂಪಾಯಿ ಕೊಡುತ್ತೇನೆ ಅಂತ ಅಪ್ಪ ಹೇಳಿದ್ದಾರೆ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಲಾ? ಅನುಭವ ಇದ್ದವರು ಹೇಳಿ.

ಪೆರ್ಲದಿಂದ:
ತಮ್ಮಾ, ದುಡ್ಡು ತೆಗೆಯುವ ಮೊದಲು ಸ್ಕ್ರೂಡ್ರೈವರ್ ತೆಗೆ. ಹೋದ ವರ್ಷ ನನ್ನದೂ ಹೀಗೇ ತಡೆಯುತ್ತಿತ್ತು. ನಮ್ಮಲ್ಲಿ ಅಡಿಕೆ ಸುಲಿಯುವುದು ಚಾವಡಿಯಲ್ಲೇ. ಆ ಧೂಳೆಲ್ಲ ಪ್ರೊಸೆಸರ್ ಫ್ಯಾನಿನ ಕೆಳಗೆ ಕಂಬಳಿಯ ಹಾಗೆ ಕೂತಿತ್ತು. ಬಿಸಿ ಎಳೆಯುವ ಹೀಟ್‌ಸಿಂಕ್ ಎತ್ತಿದರೆ, ಅದಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಡಬ್ಬಿಯಲ್ಲಿ ಒಣಗಿದ ಸುಣ್ಣ. ಮುಟ್ಟಿದರೆ ಹುಡಿ. ಬ್ರಷ್ಷಿನಲ್ಲಿ ಗುಡಿಸಿ ಹೊಸ ಪೇಸ್ಟ್ ಹಾಕಿದೆ. 90 ಡಿಗ್ರಿ ದಾಟುತ್ತಿದ್ದ ಬಿಸಿ 65ಕ್ಕೆ ಇಳಿಯಿತು. ಗುಡಿಸುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೋ.

ಆಮೇಲೆ ಒಂದು ಪರೀಕ್ಷೆ ಮಾಡು. ಗೇಮಿನಲ್ಲಿ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸು. ಫ್ರೇಮ್ (ಸೆಕೆಂಡಿಗೆ ಬರುವ ಚಿತ್ರಗಳು) ಏರಿದರೆ ಕಾರ್ಡ್ ಸೋಲುತ್ತಿದೆ. ಏರದೆ ಅಲ್ಲೇ ನಿಂತರೆ ಸೋಲುತ್ತಿರುವುದು ಪ್ರೊಸೆಸರ್. ಆಗ ಎಷ್ಟು ದೊಡ್ಡ ಕಾರ್ಡ್ ಹಾಕಿದರೂ ಸುಮ್ನೆ.

ನಿನ್ನ ಮದರ್‌ಬೋರ್ಡಿಗೆ 8ನೇ ಜನರೇಷನ್ ಪ್ರೊಸೆಸರ್ ಹಾಕುವ ಯೋಚನೆ ಬೇಡ. ಸಾಕೆಟ್ ಎರಡಕ್ಕೂ 1151, ಕೂತುಕೊಳ್ಳುತ್ತದೆ, ಆದರೆ ಆನ್ ಆಗುವುದಿಲ್ಲ. ಎಎಂಡಿ ಕಂಪೆನಿಯ ಎಎಂ4 ಸಾಕೆಟ್ಟಿನ ಬೋರ್ಡ್ ಇದ್ದಿದ್ದರೆ ಬೇರೆ ಮಾತು. ನನ್ನ ಭಾವ ಬಯಾಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ರೈಜನ್ 5 1600 ಪ್ರೊಸೆಸರ್ ತೆಗೆದು, ಅದೇ ಬೋರ್ಡಿನಲ್ಲಿ 5600 ಹಾಕಿದ್ದಾನೆ. ನಿನಗೆ ಆ ದಾರಿ ಇಲ್ಲ. ಹಾಗಾಗಿ ಮುಂದಿನ ಪಿಸಿಗೂ ಬರುವಂಥದ್ದಕ್ಕೆ ಮಾತ್ರ ಈಗ ದುಡ್ಡು ಹಾಕು. ಮೊದಲು ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಕೆಲಸವನ್ನೇ ಬೇಗ ಮಾಡುವ ಡ್ರೈವ್. ರ‍್ಯಾಮ್ ಹಾಗಲ್ಲ, ನಿನ್ನಲ್ಲಿರುವ ಡಿಡಿಆರ್4 ಜಾತಿಯದ್ದು ಮುಂದಿನ ಬೋರ್ಡಿಗೆ ಆಗಲಿಕ್ಕಿಲ್ಲ. 2025ರ ಕೊನೆಯಿಂದ ರ‍್ಯಾಮ್ ರೇಟೂ ತುಂಬಾ ಜಾಸ್ತಿ ಆಗಿದೆ. ಅದೇ ಸ್ಪೀಡಿನ ಇನ್ನೊಂದು 8 ಜಿಬಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹಾಕು. ಎರಡು ಸ್ಟಿಕ್ ಆದರೆ ಡ್ಯುಯಲ್ ಚಾನೆಲ್ ಆಗುತ್ತದೆ (ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ), ಆ ಲಾಭ ಬೇರೆ.

ಉಪ್ಪಳದಿಂದ:
ಮೇಲಿನವರು ಹೇಳಿದ್ದು ಸರಿ. ನಾನು ಹೇಳುವುದು ಸಿಡಿಲಿನ ವಿಷಯ. ತುಲಾ ತಿಂಗಳ ಒಂದು ಸಂಜೆ ಗುಡುಗು ಶುರುವಾದ ಕೂಡಲೇ ಓಡಿ ಹೋಗಿ ಪ್ಲಗ್ ಕಿತ್ತೆ. ಲ್ಯಾನ್ ವೈರ್ ಮಾತ್ರ ಮರೆತೆ. ಮೋಡೆಮ್ ಸುಟ್ಟಿತು, ಆ ವೈರಿನಲ್ಲೇ ಬಂದು ಮದರ್‌ಬೋರ್ಡೂ ಹೋಯಿತು. ಎರಡು ತಿಂಗಳ ಹಿಂದಷ್ಟೇ ಹಾಕಿಸಿದ್ದ ಬೋರ್ಡ್. ಈಗಲೂ ನೆನೆಸಿದರೆ ಹೊಟ್ಟೆ ಉರಿಯುತ್ತದೆ. ಏನೇ ತನ್ನಿ, ಮನೆಯ ಅರ್ತಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಗುಡುಗಿದರೆ ಎರಡೂ ವೈರ್ ಕಿತ್ತಿಡಿ.

ಮುಳ್ಳೇರಿಯದಿಂದ:
ಕಾಯಬಹುದು, ಆದರೆ ತುಂಬಾ ವರ್ಷ ಅಲ್ಲ. ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. 1050 ಟಿಐ ಕಾರ್ಡಿಗೆ ಹೊಸ ಗೇಮ್ ಡ್ರೈವರ್ ಬರುವುದೂ ನಿಂತಿದೆ, ಸೆಕ್ಯುರಿಟಿ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್‌ವರೆಗೆ. ಡೂಮ್ ದ ಡಾರ್ಕ್ ಏಜಸ್ ಥರದ ಗೇಮಿಗೆ ರೇ ಟ್ರೇಸಿಂಗ್ (ಬೆಳಕು-ನೆರಳಿನ ಲೆಕ್ಕ) ಮಾಡುವ ಕಾರ್ಡೇ ಬೇಕು. ಅಂಥವನ್ನು ಆಡುವ ಆಸೆ ಇದ್ದರೆ ಉಳಿದ ದುಡ್ಡು ಮುಟ್ಟದೆ ಇಡಿ, ಮುಂದಿನ ಅಡಿಕೆಯದ್ದೂ ಸೇರಿಸಿ ಪೂರ್ತಿ ಹೊಸದು ಕಟ್ಟಿಸಿ.

ಬದಿಯಡ್ಕದಿಂದ, ಎರಡು ದಿನ ಬಿಟ್ಟು:
ಬಿಚ್ಚಿ ನೋಡಿದೆ ಅಣ್ಣಾ. ಪೇಸ್ಟ್ ಹುಡಿ ಹುಡಿಯೇ. ಎಲ್ಲ ಒರೆಸಿ ಹೊಸದು ಹಾಕಿ 720ಕ್ಕೆ ಇಳಿಸಿದೆ, ಫ್ರೇಮ್ ಒಂದೂ ಏರಲಿಲ್ಲ. ಕಾರ್ಡ್ ಬೇಡ ಅಂತ ಅಪ್ಪನಿಗೆ ಹೇಳಿದ್ದೇನೆ. ಶನಿವಾರ ಮಂಗಳೂರಿಗೆ ಹೋಗುವುದಿದೆ, 500 ಜಿಬಿ ಎಸ್‌ಎಸ್‌ಡಿ ಒಂದು ತರುತ್ತೇನೆ.