ಅಪ್‌ಡೇಟ್: 67ರ ಮಸ್ಟಾಂಗ್‌ಗೆ ಬೂಸ್ಟರ್ ಕೂತಿತು

ನನ್ನ 1967ರ ಫೋರ್ಡ್ ಮಸ್ಟಾಂಗ್ ಕಾರಿಗೆ ಮುಂದೆ ಡಿಸ್ಕ್ ಬ್ರೇಕ್ ಹಾಕಿಸುತ್ತಿದ್ದೇನೆ, ಬೂಸ್ಟರ್ (ಎಂಜಿನ್‌ನ ವ್ಯಾಕ್ಯೂಮ್ ಬಳಸಿ ಬ್ರೇಕ್ ಒತ್ತಲು ಬಲ ಸೇರಿಸುವ ಡಬ್ಬಿ) 9 ಇಂಚಿನದು ತಗೊಳ್ಳಲಾ, 7 ಇಂಚಿನದಾ ಅಂತ ಕೇಳಿದ್ದೆ, ಅಲ್ವಾ? ಎರಡು ಡಯಾಫ್ರಮ್ (ವ್ಯಾಕ್ಯೂಮ್‌ಗೆ ಸರಿಯುವ ರಬ್ಬರ್ ಪರದೆ) ಇರುವ 7 ಇಂಚಿನದನ್ನು ಹಾಕಿಸಿದೆ.

ಬರೀ ಲೆಕ್ಕ ನೋಡಿದರೆ 9 ಇಂಚಿನದೇ ಮೇಲು. ಅದರ ಡಯಾಫ್ರಮ್ ಸುಮಾರು 64 ಚದರ ಇಂಚು, 7 ಇಂಚಿನದು 38 ಅಷ್ಟೇ. ಆದರೆ ನನ್ನದು ಮ್ಯಾನುಯಲ್ ಗೇರ್ ಗಾಡಿ. ಒಂದು ಕಡೆ ಶಾಕ್ ಟವರ್ (ಶಾಕ್ ಅಬ್ಸಾರ್ಬರ್ ಕೂರುವ ಭಾಗ), ಇನ್ನೊಂದು ಕಡೆ ಕ್ಲಚ್ ರಾಡ್. ದೊಡ್ಡದಕ್ಕೆ ಜಾಗವೇ ಇಲ್ಲ. ಒಂದರ ಹಿಂದೆ ಒಂದು ಡಯಾಫ್ರಮ್ ಇದ್ದರೆ 7 ಇಂಚಿನದೇ ಒಂಟಿ ಡಯಾಫ್ರಮ್‌ನ 7 ಇಂಚಿನದಕ್ಕಿಂತ ಹೆಚ್ಚುಕಡಿಮೆ ಡಬಲ್ ಬಲ ಕೊಡುತ್ತದೆ.

"ಮೊದಲು ವ್ಯಾಕ್ಯೂಮ್ ಅಳೆಯಿರಿ" ಅಂದವರಿಗೆ ಥ್ಯಾಂಕ್ಸ್. ಐಡಲ್‌ನಲ್ಲಿ ಪಾದರಸದ ಲೆಕ್ಕದಲ್ಲಿ 18 ಇಂಚು ಬಂತು, ಧಾರಾಳ ಸಾಕು. ರೇಸ್ ಕ್ಯಾಮ್ (ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ ಶಾಫ್ಟ್) ಹಾಕಿದ ಎಂಜಿನ್‌ಗಳಲ್ಲಿ ಇಷ್ಟು ಬರಲ್ಲ, ಅವಕ್ಕೆ ಬೇರೆ ವ್ಯಾಕ್ಯೂಮ್ ಪಂಪ್ ಬೇಕಾಗಬಹುದು.

ಜಾಸ್ತಿ ಹೊತ್ತು ತಿಂದಿದ್ದು ಪುಶ್‌ರಾಡ್, ಅಂದರೆ ಬೂಸ್ಟರ್‌ನಿಂದ ಮಾಸ್ಟರ್ ಸಿಲಿಂಡರ್ ಪಿಸ್ಟನ್ ತಳ್ಳುವ ಕಡ್ಡಿ. ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲ್‌ಗೆ ಒತ್ತಡ ಕೊಡುವ ಭಾಗ) ಪಿಸ್ಟನ್‌ನ ಗುಳಿಯಲ್ಲಿ ಮಗಳ ಆಟದ ಕ್ಲೇ ಒಂದು ಚೂರು ಇಟ್ಟು, ಬೋಲ್ಟ್ ಬಿಗಿದು, ಮತ್ತೆ ಬಿಚ್ಚಿ ನೋಡಿದೆ. ಉಳಿದ ಕ್ಲೇ ಎಷ್ಟು ದಪ್ಪವೋ ಸಂದು ಅಷ್ಟು. ಅರ್ಧ ಮಿಲಿಮೀಟರ್‌ಗೆ ಬರುವ ತನಕ ರಾಡ್ ತಿರುಗಿಸಿದೆ. ರಾಡ್ ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದೆ ಬರಲ್ಲ, ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಗಿಡ್ಡವಾದರೆ ಪೆಡಲ್ ಸುಮ್ನೆ ಕೆಳಗಿಳಿಯುತ್ತದೆ.

ಈಗ ಪೆಡಲ್ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದರೆ ಅದು ಕಾಲಡಿಯಲ್ಲಿ ಚೂರು ಇಳಿಯುತ್ತದೆ, ಅಂದರೆ ಬೂಸ್ಟರ್ ಕೆಲಸ ಮಾಡ್ತಿದೆ. ಜೋರಾಗಿ ಒತ್ತಿದರೆ ಹಿಂದಿನ ಡ್ರಮ್ ಮಾತ್ರ ಬೇಗ ಲಾಕ್ ಆಗುತ್ತಿದೆ. ಹಿಂದಿನ ಬ್ರೇಕ್‌ಗೆ ಹೋಗುವ ಒತ್ತಡ ಕಡಿಮೆ ಮಾಡುವ ಪ್ರಪೋರ್ಷನಿಂಗ್ ವಾಲ್ವ್ ಹೊಂದಿಸುವುದು ಇನ್ನೂ ಬಾಕಿ.